ಗಾಡಿ ನಿಲ್ಲಿಸುವ ರಬ್ಬರು ಉಂಗುರ

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೇಲೂರು ದಾಟಿ ಚೆನ್ನೈ ಕಡೆಗೆ ಹೋದರೆ, ಊರು ಮುಟ್ಟುವ ಮೊದಲೇ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ಸಿಗುತ್ತದೆ. ಸುತ್ತ ಕಾರ್ಖಾನೆಗಳು, ಹೆದ್ದಾರಿ ತುಂಬ ಕಂಟೇನರ್ ಲಾರಿಗಳು. ನಡುವೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 3.7 ಕಿಲೋಮೀಟರ್ ಉದ್ದದ ರೇಸ್ ಟ್ರ್ಯಾಕ್. ಕೊಯಮತ್ತೂರಿನ ಹೊರವಲಯದ ಕರಿ ಮೋಟಾರ್ ಸ್ಪೀಡ್‌ವೇ ಇದಕ್ಕಿಂತ ಚಿಕ್ಕದು, 2.1 ಕಿಲೋಮೀಟರ್. ವೇಗದ ಹುಚ್ಚು ಹಿಡಿದ ಬೆಂಗಳೂರಿಗರು ವರ್ಷಗಳಿಂದ ಈ ಎರಡರ ದಾರಿ ಹಿಡಿದಿದ್ದಾರೆ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ಸ್ವಂತ ಕಾರನ್ನು ಸರದಿ ಪ್ರಕಾರ ಹದಿನೈದಿಪ್ಪತ್ತು ನಿಮಿಷ ಮನಸ್ಸಿಗೆ ಬಂದಷ್ಟು ವೇಗದಲ್ಲಿ ಓಡಿಸಬಹುದು. ಕಪ್ ಇಲ್ಲ, ಬಹುಮಾನವಿಲ್ಲ, ಎದುರಿನಿಂದ ಬರುವ ಲಾರಿಯೂ ಇಲ್ಲ. ಬರುವ ಕಾರುಗಳಲ್ಲಿ ಬಹುಪಾಲು ಸೋಮವಾರ ಆಫೀಸಿಗೆ ಹೋಗಬೇಕಾದ ಸ್ವಿಫ್ಟ್, ಪೋಲೊ, ಸಿಟಿಗಳೇ. ರೇಸ್ ಕಾರಾದರೆ ಟ್ರೇಲರ್ ಮೇಲೆ ಬಂದು ಟ್ರೇಲರ್ ಮೇಲೆ ಹೋಗುತ್ತದೆ. ಇವು ಸಂಜೆ ಅದೇ ಬ್ರೇಕಿನ ಮೇಲೆ ಮುನ್ನೂರು ಕಿಲೋಮೀಟರ್ ವಾಪಸು ಓಡಬೇಕು.

ಹೊರಡುವ ಮೊದಲು ಈ ಕಾರುಗಳಿಗೆ ಏನೇನು ಮಾಡಿಸುತ್ತಾರೆ ಎಂದು ನೋಡಿದರೆ ನನಗೆ ಸೋಜಿಗವಾಗುತ್ತದೆ. ಎಂಜಿನ್ನಿನ ಕಂಪ್ಯೂಟರಿಗೆ ರೀಮ್ಯಾಪ್, ಗುಡುಗುವ ಸೈಲೆನ್ಸರ್, ಅಗಲ ಟೈರು, ಬಾಗಿಲಿಗೆ ಸ್ಟಿಕ್ಕರ್. ಬ್ರೇಕಿನ ಸರದಿ ಬರುವಾಗ ದುಡ್ಡು ಮುಗಿದಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 1100 ಕೆಜಿ ತೂಕದ ಕಾರು ನೇರ ಓಟದ ಕೊನೆಯಲ್ಲಿ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿದೆ. ತಿರುವಿಗೆ ಅದು 60ಕ್ಕೆ ಇಳಿಯಬೇಕು. ಆ ಮೂರು ಸೆಕೆಂಡಿನಲ್ಲಿ ಸುಮಾರು 8 ಲಕ್ಷ ಜೌಲ್ ಚಲನಶಕ್ತಿ ಶಾಖವಾಗಿ ಬದಲಾಗುತ್ತದೆ. ಎರಡೂವರೆ ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಶಾಖ ಸಾಕು. ಸೆಕೆಂಡಿನ ಲೆಕ್ಕದಲ್ಲಿ ಇದು ಸುಮಾರು 270 ಕಿಲೋವ್ಯಾಟ್. ಅದೇ ಕಾರಿನ ಎಂಜಿನ್ ಹೆಚ್ಚೆಂದರೆ 80 ಕಿಲೋವ್ಯಾಟ್ ಕೊಡುತ್ತದೆ. ಎಂಜಿನ್ನಿಗಿಂತ ಮೂರು ಪಟ್ಟು ದುಡಿಯುವ ಭಾಗಕ್ಕೆ ಕೊನೆಯ ಪಂಕ್ತಿಯ ಊಟ.

ಘಾಟಿ ಇಳಿದವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಕಾರು ಸುಮಾರು ಅರ್ಧ ಕಿಲೋಮೀಟರ್ ಎತ್ತರ ಕಳೆದುಕೊಳ್ಳುತ್ತದೆ. ಅದೇ 1100 ಕೆಜಿಗೆ ಲೆಕ್ಕ ಹಾಕಿದರೆ ಸುಮಾರು 54 ಲಕ್ಷ ಜೌಲ್. ಅದರಲ್ಲಿ ಒಂದಿಷ್ಟನ್ನು ಎರಡನೇ ಗೇರಿನ ಎಂಜಿನ್ ತಡೆದುಕೊಳ್ಳುತ್ತದೆ, ಒಂದಿಷ್ಟನ್ನು ಗಾಳಿ ಒಯ್ಯುತ್ತದೆ, ಉಳಿದದ್ದು ಬ್ರೇಕಿನ ಪಾಲು. ಅದೂ ನಿಧಾನವಾಗಿ, ತಿರುವಿಗೊಮ್ಮೆ. ಅಷ್ಟಕ್ಕೇ ಚಕ್ರದಿಂದ ಸುಟ್ಟ ವಾಸನೆ ಬಂದು ಕಾರುಗಳು ಪಕ್ಕಕ್ಕೆ ನಿಲ್ಲುವುದನ್ನು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಎಲ್ಲರೂ ನೋಡಿದ್ದೇವೆ. ಟ್ರ್ಯಾಕಿನ ಮೇಲೆ 150ರಿಂದ 60ಕ್ಕೆ ಏಳು ಸಲ ಇಳಿಸಿದರೆ ಒಂದು ಇಡೀ ಆಗುಂಬೆ ಘಾಟಿಯನ್ನು ಎಂಜಿನ್ನಿನ ನೆರವಿಲ್ಲದೆ ಬರೀ ಬ್ರೇಕಿನಲ್ಲಿ ಇಳಿದ ಹಾಗೆ. ಅಷ್ಟಾಗಲು ಕೆಲವೇ ಸುತ್ತು ಸಾಕು.

ಬಿಸಿಯಾದ ಬ್ರೇಕು ಕೈಕೊಡುವುದರಲ್ಲಿ ಎರಡು ಬಗೆ ಇದೆ, ಕಾಲಿಗೆ ಅವು ಬೇರೆ ಬೇರೆಯಾಗಿಯೇ ತಿಳಿಯುತ್ತವೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಪ್ಯಾಡ್ ಸೋತಿದೆ ಎಂದರ್ಥ. ಪುಡಿಯನ್ನು ಅಂಟಿಸಿ ಹಿಡಿದ ರಾಳ ಶಾಖಕ್ಕೆ ಅನಿಲ ಬಿಡುತ್ತಿದೆ, ಡಿಸ್ಕಿನ ಮೇಲಿನ ಹಿಡಿತ ಜಾರುತ್ತಿದೆ. ಪೆಡಲ್ ಮೆತ್ತಗಾಗಿ ತಳ ಮುಟ್ಟಿದರೆ ಬ್ರೇಕ್ ಆಯಿಲ್ ಕುದಿದಿದೆ. ದ್ರವವನ್ನು ಅದುಮಿದರೆ ಒತ್ತಡ ಮುಂದಕ್ಕೆ ಸಾಗುತ್ತದೆ, ಆವಿಯನ್ನು ಅದುಮಿದರೆ ಆವಿಯೇ ಕುಗ್ಗುತ್ತದೆ. ಮೊದಲನೆಯದು ಹೆದರಿಸುತ್ತದೆ. ಎರಡನೆಯದು ಹೆದರಲೂ ಸಮಯ ಕೊಡುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುವ ಗ್ಲೈಕಾಲ್ ಜಾತಿಯದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಕುಸಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ, ಡಾಟ್ 5.1 ಆದರೆ 260ರಿಂದ 180ಕ್ಕೆ. ನೀರು ಮುಚ್ಚಳದಿಂದ ಮಾತ್ರವಲ್ಲ, ರಬ್ಬರಿನ ಹೋಸ್ ಪೈಪಿನ ಮೈಯಿಂದಲೂ ನುಸುಳುತ್ತದೆ. ಮಂಗಳೂರು, ಉಡುಪಿಯ ಕಾರುಗಳಿಗಂತೂ ಮಳೆಗಾಲ ಪೂರ್ತಿ ಇದೇ ಕಥೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಎಂಜಿನ್ ಆಯಿಲ್‌ನಂತೆ ಬ್ರೇಕ್ ಆಯಿಲ್ ಸುತ್ತು ಹೊಡೆಯುವುದಿಲ್ಲ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎನ್ನುವುದು ಪೈಪಿನ ಕೊನೆ, ಮುಂದೆ ದಾರಿಯಿಲ್ಲ. ಅಲ್ಲಿನ ಆಯಿಲ್ ಅಲ್ಲೇ ಕಾಯುತ್ತದೆ, ಅಲ್ಲೇ ಕಪ್ಪಾಗುತ್ತದೆ, ಅಲ್ಲೇ ತುಕ್ಕು ಹಿಡಿಸುತ್ತದೆ. ಬಾನೆಟ್ ಎತ್ತಿ ಸಿರಿಂಜಿನಿಂದ ಡಬ್ಬಿಯ ಆಯಿಲ್ ಹೀರಿ ಹೊಸದು ತುಂಬಿಸಿ ಬಿಲ್ ಮಾಡುವ ಸರ್ವೀಸಿನಿಂದ, ಬಿಸಿಯಾಗುವ ಜಾಗದ ಆಯಿಲ್‌ಗೆ ಏನೂ ಆಗಿರುವುದಿಲ್ಲ.

ಲಾಲ್‌ಬಾಗಿನ ಹಿಂಬದಿಯ ಗ್ಯಾರೇಜೊಂದರಲ್ಲಿ, ಟ್ರ್ಯಾಕಿನಿಂದ ಬಂದ ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ ಹಿರಿಯ ಮೆಕ್ಯಾನಿಕ್ ಮೊದಲು ಕೇಳಿದ್ದು ಅದನ್ನೇ. “ಸಾರ್, ಎಂಜಿನ್‌ಗೆ ಎಷ್ಟು ಹಾಕಿದ್ರಿ ಅಂತ ಕೇಳ್ತಿಲ್ಲ. ಬ್ರೇಕ್ ಆಯಿಲ್ ಯಾವಾಗ ಚೇಂಜ್ ಮಾಡಿಸಿದ್ದು?”

“ಲಾಸ್ಟ್ ಸರ್ವೀಸಲ್ಲಿ ಮಾಡಿರ್ಬೇಕು ಅಣ್ಣ,” ಎಂದ ಕಾರಿನ ಯುವಕ.

“ಮಾಡಿರ್ಬೇಕು ಅಂದ್ರೆ ಮಾಡಿಲ್ಲ ಅಂತ ಲೆಕ್ಕ ಸಾರ್.”

ಆಮೇಲೆ ಅವರು ಮುಂದಿನ ಚಕ್ರಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದರು. ಬಲದ್ದು ಸಲೀಸಾಗಿ ಸುತ್ತಿತು, ಎಡದ್ದು ಅರ್ಧ ಸುತ್ತಿಗೆ ನಿಂತಿತು. ಪ್ಯಾಡ್ ತೆಗೆದು ಬೆಳಕಿಗೆ ಹಿಡಿದರು. ಒಳಗಿನ ಪ್ಯಾಡ್ ತಗಡಿನವರೆಗೆ ಸವೆದಿತ್ತು, ಹೊರಗಿನದು ಅರ್ಧ ಉಳಿದಿತ್ತು. ಪಿಸ್ಟನ್ನಿನ ಬಾಯಿಗೆ ಸುತ್ತಿದ್ದ ರಬ್ಬರು ಬೂಟ್ ಸುಟ್ಟು ಸೀಳಿತ್ತು, ಬೆರಳು ತಾಗಿಸಿದರೆ ಪುಡಿ. ಕ್ಯಾಲಿಪರ್ ಬಿಚ್ಚಿ ಒಳಗನ್ನೇ ನೋಡಬೇಕೆಂದು ತೀರ್ಮಾನವಾಗಲು ಇಷ್ಟು ಸಾಕಾಯಿತು.

ಕ್ಯಾಲಿಪರಿನ ಒಳಹೊಗುವ ಮೊದಲು ಒಂದು ಮಾತು: ಡಿಸ್ಕ್ ಬ್ರೇಕಿನ ಹುಟ್ಟು ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಹೆಸರು ಮಾಡಿದ್ದು 1953ರಲ್ಲಿ, ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಕಾರು ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಗೆದ್ದಾಗ. ಡ್ರಮ್ ಬ್ರೇಕಿನವರು ಬಿಸಿಗೆ ಹೆದರಿ ಬೇಗ ಕಾಲಿಡುತ್ತಿದ್ದ ಕಡೆ ಜಾಗ್ವಾರ್ ಇನ್ನೂ ವೇಗದಲ್ಲೇ ಇರುತ್ತಿತ್ತು. ನಮ್ಮ ಅಂಬಾಸಿಡರ್ ಬಹುಕಾಲ ಡ್ರಮ್ಮಿನ ಮೇಲೆಯೇ ಬದುಕಿತು ಎಂಬುದು ಬೇರೆ ಮಾತು.

ಕ್ಯಾಲಿಪರ್ ನೋಡಲು ದಪ್ಪ ಎರಕದ ಕಬ್ಬಿಣದ ಹಿಡಿ. ನಮ್ಮ ಸಾಮಾನ್ಯ ಕಾರುಗಳಲ್ಲಿ ಅದಕ್ಕೆ ಒಂದೇ ಪಿಸ್ಟನ್, ಒಳಬದಿಯಲ್ಲಿ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ, ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ನು ಒಣಗಿ ಕಚ್ಚಿಕೊಂಡರೆ, ಅಥವಾ ಪಿಸ್ಟನ್ ಹಿಂದೆ ಸರಿಯದಿದ್ದರೆ, ಒಳಗಿನ ಪ್ಯಾಡೊಂದೇ ಎಲ್ಲ ಕೆಲಸ ಹೊರುತ್ತದೆ. ಆ ಎಡಗಡೆಯ ಚಕ್ರದಲ್ಲಿ ಆಗಿದ್ದು ಅದೇ.

ಪಿಸ್ಟನ್ನನ್ನು ಹಿಂದಕ್ಕೆ ಸರಿಸುವವರು ಯಾರು? ಕ್ಯಾಲಿಪರಿನಲ್ಲಿ ಅದಕ್ಕೆಂದು ಸ್ಪ್ರಿಂಗ್ ಇಲ್ಲ. ಪಿಸ್ಟನ್ ಓಡಾಡುವ ಬೋರಿನ ಒಳಗೋಡೆಯಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಒಂದು ರಬ್ಬರು ಸೀಲ್ ಕುಳಿತಿರುತ್ತದೆ. ಅದನ್ನು ಕತ್ತರಿಸಿ ನೋಡಿದರೆ ಗುಂಡಗಿಲ್ಲ, ಚೌಕ. ಪಿಸ್ಟನ್ ಮುಂದೆ ಹೋಗುವಾಗ ಸೀಲಿನ ಒಳ ಅಂಚು ಪಿಸ್ಟನ್ನನ್ನು ಹಿಡಿದುಕೊಂಡೇ ಬಾಗುತ್ತದೆ, ಹೊರ ಅಂಚು ಕಾಲುವೆಯಲ್ಲೇ ಕೂತಿರುತ್ತದೆ. ಕಾಲು ಎತ್ತಿದ ತಕ್ಷಣ ಬಾಗಿದ ರಬ್ಬರು ನೆಟ್ಟಗಾಗುತ್ತದೆ, ತನ್ನ ಜೊತೆ ಪಿಸ್ಟನ್ನನ್ನೂ ಒಂದು ಮಿಲಿಮೀಟರಿನ ಸಣ್ಣ ಪಾಲಿನಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಬಿಡುವು ಸಿಗುವುದು ಅಷ್ಟರಿಂದಲೇ. ಪ್ಯಾಡ್ ಸವೆದರೆ ಪಿಸ್ಟನ್ ಸೀಲಿನ ಮೇಲೆ ಜಾರಿ ಮುಂದೆ ಕೂರುತ್ತದೆ, ಆದ್ದರಿಂದ ಬಿಗಿ ಹೊಂದಿಸುವ ಕೆಲಸವೂ ಅದರದ್ದೇ. ಜೋರಾಗಿ ಬ್ರೇಕ್ ಹಾಕಿದಾಗ ಪೈಪಿನಲ್ಲಿ 70 ಬಾರ್ ಒತ್ತಡ ಎದ್ದರೆ, 54 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಬೀಳುವ ಬಲ 1600 ಕೆಜಿಯಷ್ಟು. ಆ ಒತ್ತಡಕ್ಕೆ ಹನಿ ಆಯಿಲ್ ಹೊರಗೆ ಬಿಡದೆ ಎದೆಗೊಡುವುದೂ ಅದೇ ಉಂಗುರ. ಸೋರದಂತೆ ತಡೆ, ಹಿಂದಕ್ಕೆ ಎಳೆ, ಸವೆತಕ್ಕೆ ತಕ್ಕಂತೆ ಹೊಂದಿಕೊ ಎಂದು ಇಷ್ಟೆಲ್ಲವನ್ನೂ ಒಂದೇ ರಬ್ಬರಿಗೆ ವಹಿಸಿದ ಎಂಜಿನಿಯರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಆದರೆ ರಬ್ಬರು ಶಾಖಕ್ಕೆ ಗಡಸಾಗುತ್ತದೆ. ಗಡಸಾದ ಸೀಲ್ ಸೋರದೆಯೇ ಇರಬಹುದು, ಬಾಗಿ ನೆಟ್ಟಗಾಗುವ ಗುಣ ಮಾತ್ರ ಹೋಗಿರುತ್ತದೆ. ಆಗ ಪ್ಯಾಡ್ ಡಿಸ್ಕನ್ನು ಸವರುತ್ತಲೇ ಇರುತ್ತದೆ. ಸವರಿದಷ್ಟು ಬಿಸಿ, ಬಿಸಿಯಾದಷ್ಟು ಗಡಸು. ಸೋರುತ್ತಿಲ್ಲವಲ್ಲ ಎಂದು ಸುಮ್ಮನಿರುವವರು ಇಲ್ಲೇ ಮೋಸ ಹೋಗುತ್ತಾರೆ.

ಕ್ಯಾಲಿಪರ್ ಬಿಚ್ಚುವಾಗ ಆ ಮೆಕ್ಯಾನಿಕ್ ತಕ್ಷಣ ಹೋಸ್ ಪೈಪ್ ಕಳಚಲಿಲ್ಲ. ಮೊದಲು ಪಿಸ್ಟನ್ ಮುಂದೆ ಮರದ ತುಂಡಿಟ್ಟು ಗ್ಯಾರೇಜಿನ ಹುಡುಗನಿಗೆ ನಿಧಾನವಾಗಿ ಪೆಡಲ್ ತುಳಿಯಲು ಹೇಳಿ, ಕಾರಿನ ಒತ್ತಡದಿಂದಲೇ ಪಿಸ್ಟನ್ನನ್ನು ಬಾಯಿಯವರೆಗೆ ತಂದರು. ಬಹಳ ಕಡೆ ಏರ್ ಕಂಪ್ರೆಸರಿನಿಂದ ಊದಿ ಹಾರಿಸುತ್ತಾರೆ. 6 ಬಾರ್ ಗಾಳಿ ಎಂದರೆ ಆ ಪಿಸ್ಟನ್ನಿಗೆ 140 ಕೆಜಿಯ ತಳ್ಳು. ಪಿಸ್ಟನ್ ಕಚ್ಚಿಕೊಂಡಿದ್ದು ತಟ್ಟನೆ ಬಿಟ್ಟರೆ, ಅಡ್ಡ ಸಿಕ್ಕ ಬೆರಳು ಉಳಿಯುವುದಿಲ್ಲ. ಆಮೇಲೆ ಪೈಪ್ ಕಳಚುವ ಮುಂಚೆ ಪೆಡಲನ್ನು ಒಂದಿಷ್ಟು ಅದುಮಿ ಸೀಟಿಗೆ ಕೋಲು ಆನಿಸಿಟ್ಟರು. ಹಾಗೆ ಮಾಡಿದರೆ ಮಾಸ್ಟರ್ ಸಿಲಿಂಡರಿನೊಳಗಿನ ತೂತು ಮುಚ್ಚಿಕೊಂಡು ಡಬ್ಬಿಯ ಆಯಿಲ್ ಸುರಿದುಹೋಗುವುದಿಲ್ಲ. ಯಾವ ಪುಸ್ತಕದ ನೆರವೂ ಇಲ್ಲದೆ ಕೈಗೆ ಹತ್ತಿದ ಇಂಥ ಜಾಣ್ಮೆ ನೋಡಲು ಚೆಂದ.

ಪಿಸ್ಟನ್ ಹೊರಬಂದಾಗ ಎಲ್ಲರೂ ಮೊದಲು ಬೋರಿನೊಳಗೆ ಇಣುಕಿದರು. ಮೆಕ್ಯಾನಿಕ್ ಮಾತ್ರ ಪಿಸ್ಟನ್ ತಿರುಗಿಸುತ್ತಿದ್ದರು. ಕಾರಣವಿದೆ. ಡ್ರಮ್ ಬ್ರೇಕಿನ ವೀಲ್ ಸಿಲಿಂಡರಿನಲ್ಲಿ ರಬ್ಬರು ಪಿಸ್ಟನ್ ಜೊತೆ ಓಡಾಡುತ್ತದೆ, ಆದ್ದರಿಂದ ಅಲ್ಲಿ ಬೋರಿನ ಗೋಡೆ ಕನ್ನಡಿಯಂತಿರಬೇಕು. ಕ್ಯಾಲಿಪರಿನಲ್ಲಿ ರಬ್ಬರು ಗೋಡೆಯಲ್ಲಿ ಕೂತಿದೆ, ಓಡಾಡುವುದು ಪಿಸ್ಟನ್. ನಯವಾಗಿರಬೇಕಾದದ್ದು ಪಿಸ್ಟನ್ನಿನ ಮೈ. ಬೋರಿನಲ್ಲಿ ಅಲ್ಪಸ್ವಲ್ಪ ಕಲೆ ಇದ್ದರೂ ನಡೆದೀತು. ಪಿಸ್ಟನ್ನಿನ ಕ್ರೋಮ್ ಎದ್ದು, ಸೀಲ್ ತಾಗುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೆ ಅದನ್ನು ಗುಜರಿಗೆ ಹಾಕಬೇಕು. ಎಮರಿ ಪೇಪರಿನಿಂದ ಉಜ್ಜಿ ಹೊಳಪು ತರುತ್ತೇನೆ ಎನ್ನುವವರು ಉಳಿದ ಕ್ರೋಮನ್ನೂ ತೆಗೆದು, ಬರುವ ಮಳೆಗಾಲಕ್ಕೆ ತುಕ್ಕನ್ನು ಕರೆದು ಕೂರಿಸುತ್ತಾರೆ.

ಸೀಲ್ ಕೂರುವ ಕಾಲುವೆಗೆ ಹೆಚ್ಚು ಹೊತ್ತು ಹಿಡಿಯಿತು, ಹಿಡಿಯಲೂಬೇಕು. ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಕೀಳಬಾರದು. ಬಿದಿರು ಕಡ್ಡಿಯನ್ನು ಚೂಪು ಮಾಡಿಕೊಂಡರೆ ಲೋಹಕ್ಕೆ ಗೀರು ಬೀಳುವುದಿಲ್ಲ. ಕಾಲುವೆಯ ತಳದಲ್ಲಿ ತುಕ್ಕು, ಒಣಗಿದ ಆಯಿಲ್ ಸೇರಿ ಗಟ್ಟಿ ಪದರವಾಗಿರುತ್ತದೆ. ಅದರ ಮೇಲೆ ಹೊಸ ಸೀಲ್ ಕೂರಿಸಿದರೆ ಸೀಲ್ ಒಳಕ್ಕೆ ಉಬ್ಬಿ ಪಿಸ್ಟನ್ನನ್ನು ಬಿಗಿಯುತ್ತದೆ. ಕಿಟ್ ಹಾಕಿಸಿದ ಮೇಲೂ ಚಕ್ರ ಜಾಮ್ ಎಂದು ದೂರುವವರ ಕ್ಯಾಲಿಪರಿನಲ್ಲಿ ಬಹಳ ಸಲ ಈ ಪದರವೇ ಉಳಿದಿರುತ್ತದೆ. ಕಾಲುವೆಯ ಹೊರಬದಿಯ ಅಂಚನ್ನು ತುಸು ಓರೆ ಕಡೆದಿರುತ್ತಾರೆ, ಸೀಲ್ ಬಾಗಲು ಜಾಗ ಬೇಕಲ್ಲ; ಉಜ್ಜುವ ಭರದಲ್ಲಿ ಆ ಓರೆಯನ್ನು ಕೆಡಿಸಿದರೆ ಕ್ಯಾಲಿಪರಿನ ಆಯಸ್ಸು ಮುಗಿಯಿತು.

ತೊಳೆಯುವ ವಿಚಾರದಲ್ಲಿ ನನ್ನದೊಂದು ತಕರಾರಿದೆ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲವನ್ನೂ ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಅದ್ದಿ ಬ್ರಷ್ ಹೊಡೆಯುವ ಅಭ್ಯಾಸ. ಬೇರಿಂಗಿಗೆ ಸರಿ, ಬ್ರೇಕಿಗೆ ವಿಷ. ಬ್ರೇಕಿನ ರಬ್ಬರು ಗ್ಲೈಕಾಲ್ ಆಯಿಲ್ ತಡೆಯಲೆಂದೇ ಮಾಡಿದ್ದು. ಪೆಟ್ರೋಲ್, ಡೀಸೆಲ್, ಗ್ರೀಸಿನಂಥ ಖನಿಜ ತೈಲದ ಅಂಶ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ಆಲ್ಕೋಹಾಲ್ ಅಥವಾ ಬ್ರೇಕ್ ಕ್ಲೀನರ್ ಹಾಕಿ ತೊಳೆದು ಒಣಗಿಸಿದರೆ ಸಾಕು. ಜೋಡಿಸುವಾಗ ಸೀಲಿಗೂ ಪಿಸ್ಟನ್ನಿಗೂ ಆಗಷ್ಟೇ ಒಡೆದ ಡಬ್ಬಿಯ ಬ್ರೇಕ್ ಆಯಿಲ್ಲೇ ಸವರಬೇಕು. ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್, ಹಬ್ಬಿಗೆ ತುಂಬುವ ಹಳದಿ ಗ್ರೀಸ್ ಅಲ್ಲ. ಆ ಎರಡು ಪಿನ್ನುಗಳು ಕೆಲವು ಕಾರುಗಳಲ್ಲಿ ಒಂದೇ ತರಹ ಇರುವುದಿಲ್ಲ, ಒಂದರ ತುದಿಗೆ ರಬ್ಬರು ಬುಶ್ ಇರುತ್ತದೆ. ಮೇಲಿನದು ಯಾವುದು ಕೆಳಗಿನದು ಯಾವುದು ಎಂದು ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಬೇಕು.

ಹೊಸ ಸೀಲ್ ತಿರುಚಿಕೊಳ್ಳದೆ ಕಾಲುವೆಯಲ್ಲಿ ಕೂತಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ ಕಣ್ಣಿಗಿಂತ ಹೆಚ್ಚಾಗಿ ಬೆರಳನ್ನು ನಂಬಿದರು. ಸುತ್ತಲೂ ಸವರಿ ನೋಡಿದರು. ಪಿಸ್ಟನ್ನನ್ನು ನೆಟ್ಟಗೆ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತಿದಾಗ ಅದು ಸದ್ದಿಲ್ಲದೆ ಒಳಗೆ ಇಳಿಯಿತು. ಇಳಿಯದಿದ್ದರೆ ಸುತ್ತಿಗೆ ಹುಡುಕಬಾರದು, ಮತ್ತೆ ಬಿಚ್ಚಿ ತಪ್ಪು ಹುಡುಕಬೇಕು.

ಎರಡೂ ಕಡೆಯ ಕ್ಯಾಲಿಪರ್ ಬಿಚ್ಚಿದಾಗ ಕಾಯುವ ಒಂದು ಗುಂಡಿ ಇದೆ. ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಎಷ್ಟೋ ಕಾರುಗಳಲ್ಲಿ ಸರಾಗವಾಗಿ ಕೂರುತ್ತವೆ. ಆಗ ಏರ್ ತೆಗೆಯುವ ನಿಪ್ಪಲ್ ಮೇಲಿರುವ ಬದಲು ಕೆಳಗೆ ಹೋಗುತ್ತದೆ. ಗಾಳಿ ಮೇಲೇರುವುದು ಅದರ ಸ್ವಭಾವ. ಕೆಳಗಿನ ನಿಪ್ಪಲಿನಿಂದ ಒಂದು ಲೀಟರ್ ಆಯಿಲ್ ಹರಿಸಿದರೂ ಮೇಲೆ ಸಿಕ್ಕಿಕೊಂಡ ಗುಳ್ಳೆ ಅಲ್ಲೇ ಇರುತ್ತದೆ, ಪೆಡಲ್ ಸ್ಪಂಜು ಸ್ಪಂಜಾಗಿಯೇ ಇರುತ್ತದೆ. ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದು ಅದನ್ನೂ ಬದಲಿಸಿದವರುಂಟು.

ಏರ್ ತೆಗೆಯುವುದು ಇಬ್ಬರ ಕೆಲಸ. ಒಬ್ಬ ಒಳಗೆ ಪೆಡಲ್ ಮೇಲೆ, ಇನ್ನೊಬ್ಬ ಚಕ್ರದ ಹತ್ತಿರ ಸ್ಪ್ಯಾನರ್ ಹಿಡಿದು. “ತುಳಿ… ತುಳಿ… ಹಿಡ್ಕೋ.” ನಿಪ್ಪಲ್ ಸಡಿಲ, ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳ ಜೊತೆ ಕಾಫಿ ಬಣ್ಣದ ಆಯಿಲ್. ನಿಪ್ಪಲ್ ಬಿಗಿ. “ಹಾಂ, ಈಗ ಬಿಡು.” ಹುಡುಗ ಉತ್ಸಾಹಕ್ಕೆ ಪೆಡಲನ್ನು ತಳಕ್ಕೆ ಬಡಿದಾಗ ಬೈಗುಳ ಬಿತ್ತು. ಹಳೆಯ ಕಾರಿನ ಮಾಸ್ಟರ್ ಸಿಲಿಂಡರಿನಲ್ಲಿ ರಬ್ಬರು ದಿನಾ ಓಡಾಡುವುದು ಮೊದಲ ಅರ್ಧದಲ್ಲಿ ಮಾತ್ರ. ಉಳಿದ ಅರ್ಧ ತುಕ್ಕು ಹಿಡಿದು ಒರಟಾಗಿರಬಹುದು, ಅಲ್ಲಿಗೆ ಎಳೆದರೆ ರಬ್ಬರಿನ ತುಟಿ ಹರಿಯುತ್ತದೆ. ಒಂದನ್ನು ರಿಪೇರಿ ಮಾಡಲು ಹೋಗಿ ಇನ್ನೊಂದನ್ನು ಕೆಡಿಸುವ ಸುಲಭ ದಾರಿ ಅದು. ಹೋಸ್ ಪೈಪಿನ ಬೋಲ್ಟಿನ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಬಿತ್ತು. ಕೆಲವೇ ರೂಪಾಯಿಯ ಮಾಲು, ಹಳೆಯದನ್ನೇ ಹಾಕಿ ಸೋರಿಸಿಕೊಳ್ಳುವುದು ಯಾವ ಉಳಿತಾಯವೋ ತಿಳಿಯದು.

ಬಿಡಿಭಾಗ ಸಿಗುವುದು ಕಾರಿನ ಮೇಲೆ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಮಾರುತಿಗೆ ಸೀಲ್, ಬೂಟ್, ಪಿನ್ನಿನ ರಬ್ಬರು ಸೇರಿದ ಕಿಟ್ ಕೇಳಿದರೆ ಅಂಗಡಿಯವನು ತಲೆಯೆತ್ತದೆ ಎಳೆದು ಕೊಡುತ್ತಾನೆ. ಕೆಲವು ಕಂಪನಿಗಳು ಕಿಟ್ ಕೊಡುವುದೇ ಇಲ್ಲ, ಪೂರ್ತಿ ಕ್ಯಾಲಿಪರ್ ತೆಗೆದುಕೊಳ್ಳಿ ಎನ್ನುತ್ತವೆ. ಕೆಲವು ನೂರರ ರಬ್ಬರು ಹಾಳಾದದ್ದಕ್ಕೆ ಹಲವು ಸಾವಿರದ ಕಬ್ಬಿಣ ಎಸೆಯಬೇಕು. ಸುರಕ್ಷತೆಯ ಮಾತು ಮುಂದಿಟ್ಟು ಇದನ್ನು ಸಮರ್ಥಿಸುತ್ತಾರೆ, ನನಗೇನೋ ಅದರಲ್ಲಿ ವ್ಯಾಪಾರವೇ ಹೆಚ್ಚು ಕಾಣುತ್ತದೆ. ಹಾಗೆಂದು ಬ್ರೇಕನ್ನು ಎಲ್ಲರೂ ಮನೆಯಂಗಳದಲ್ಲಿ ಬಿಚ್ಚಬೇಕೆಂದು ನಾನು ಹೇಳುವುದಿಲ್ಲ. ಮೊದಲ ಸಲ ಗೊತ್ತಿರುವವರ ಪಕ್ಕದಲ್ಲಿ ಕೂತು ನೋಡಬೇಕು. ನಾಲ್ಕು ಪಿಸ್ಟನ್ನಿನ, ಎರಡು ಹೋಳು ಜೋಡಿಸಿದ ಕ್ಯಾಲಿಪರ್ ಆದರೆ ಆ ಹೋಳುಗಳನ್ನು ಬೇರ್ಪಡಿಸದಿರುವುದೇ ಕ್ಷೇಮ.

ಆ ಯುವಕನಿಗೆ ಇನ್ನೊಂದು ಆಸೆಯಿತ್ತು. ಬಿಚ್ಚಿದ್ದಾಗಲೇ ಕ್ಯಾಲಿಪರಿಗೆ ಕೆಂಪು ಬಣ್ಣ. ಬಣ್ಣ ಹಾಕಲಿ, ತೊಂದರೆಯಿಲ್ಲ. ಬೋರಿನೊಳಗೆ, ಪಿನ್ನಿನ ದಾರಿಯಲ್ಲಿ ಹೋಗದಿದ್ದರೆ ಸರಿ. ಆದರೆ ಕ್ಯಾಲಿಪರ್ ಮೇಲೆ ಸಿಕ್ಕಿಸುವ ಕೆಂಪು ಪ್ಲಾಸ್ಟಿಕ್ ಕವರ್‌ಗಳು ಬಂದಿವೆಯಲ್ಲ, ಅವು ಗಾಳಿಗೆ ಅಡ್ಡ ನಿಂತು ಶಾಖವನ್ನು ಒಳಗೇ ಹಿಡಿದಿಡುತ್ತವೆ. ಟ್ರ್ಯಾಕಿಗೆ ಹೋಗುವ ಕಾರಿಗೆ ಅದನ್ನು ಹಾಕುವವರಿಗೆ ಏನು ಹೇಳಬೇಕೋ ತೋಚದು.

ಪಿಸ್ಟನ್ನಿನ ಬಾಯಿಗೆ ಸುತ್ತುವ ಡಸ್ಟ್ ಬೂಟಿನ ವಿಷಯದಲ್ಲಿ ಮಾತ್ರ ನಿಜವಾದ ಇಕ್ಕಟ್ಟಿದೆ. ಅಪ್ಪಟ ರೇಸ್ ಕ್ಯಾಲಿಪರುಗಳಲ್ಲಿ ಅನೇಕವಕ್ಕೆ ಬೂಟ್ ಇರುವುದೇ ಇಲ್ಲ. ಹೇಗೂ ಸುಡುತ್ತದೆ, ಮತ್ತೆ ಮತ್ತೆ ಬಿಚ್ಚಿ ಸೀಲ್ ಬದಲಿಸುವುದು ಅಲ್ಲಿ ನಿತ್ಯದ ಕೆಲಸ. ಅದನ್ನು ನೋಡಿ ನಾವೂ ಕಿತ್ತೆಸೆದರೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಮಳೆನೀರು, ಮೆಟ್ರೋ ಕಾಮಗಾರಿಯ ಧೂಳು ನೇರವಾಗಿ ಪಿಸ್ಟನ್ನಿಗೆ. ಬೂಟ್ ಇರಬೇಕು, ಅದು ಸುಡುತ್ತದೆ ಎಂದು ತಿಳಿದೇ ಇರಬೇಕು, ಪ್ರತಿ ಟ್ರ್ಯಾಕ್ ಡೇ ಮುಗಿದ ಮೇಲೆ ಚಕ್ರ ಬಿಚ್ಚಿ ನೋಡಬೇಕು. ಸೀಳಿದ ಬೂಟನ್ನು ಆ ತಿಂಗಳೇ ಬದಲಿಸಿದರೆ ಪಿಸ್ಟನ್ ಉಳಿಯುತ್ತದೆ. ಮಳೆಗಾಲ ಕಳೆಯಲಿ ಎಂದರೆ ಕ್ರೋಮ್ ಹೋಗುತ್ತದೆ.

ಜೋಡಿಸಿ ಮುಗಿದ ಮೇಲೂ ಹೊಸ ಪ್ಯಾಡ್ ಡಿಸ್ಕಿಗೆ ಒಗ್ಗಬೇಕು. ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹಲವು ಸಲ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ, ನಡುವೆ ತಣಿಯಲು ಬಿಟ್ಟು ಓಡಿಸುತ್ತಾರೆ. ಟ್ರ್ಯಾಕಿನಲ್ಲಿ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಬೇಕು, ಗಾಳಿ ತಾಗಿ ಡಿಸ್ಕ್ ತಣಿಯಲಿ ಎಂದು. ಒಳಗೆ ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಪೆಡಲ್ ಮೇಲೆ ಕಾಲಿಟ್ಟು ಕೂರಲೂಬಾರದು. ಗೇರಿಗೆ ಹಾಕಿ ಚಕ್ರಕ್ಕೊಂದು ಕಲ್ಲು ಕೊಟ್ಟರಾಯಿತು. ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎಡಬಲ ಡಿಸ್ಕುಗಳ ಬಿಸಿ ನೋಡಬಹುದು. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಕ್ಯಾಲಿಪರುಗಳು ಸಮನಾಗಿ ದುಡಿಯುತ್ತಿವೆ. ಒಂದು ಕಡೆ ಮಾತ್ರ ಸುತ್ತು ಸುತ್ತಿಗೂ ಏರುತ್ತ ಹೋದರೆ, ಮುಂದಿನ ಸರದಿಗೆ ಹೆಸರು ಕೊಡುವ ಮೊದಲು ಜಾಕ್ ತೆಗೆಯಬೇಕು.